ಬುರಿಟೊಗೆ ಬೀಡಿಯ ದಾರ

ಅಡುಗೆ ಎನ್ನುವುದು ಕಷ್ಟದ ವಿದ್ಯೆ ಎಂದು ಹೆಂಗಸರು ಹಬ್ಬಿಸಿರುವ ಸುದ್ದಿಯನ್ನು ನಾನು ಐವತ್ತೆರಡು ವರ್ಷ ನಂಬಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಕಳೆದ ಭಾನುವಾರ ಬೆಳಿಗ್ಗೆ ಎಂಟು ಗಂಟೆಯವರೆಗೆ ನಂಬಿರಲಿಲ್ಲ.

ನಮ್ಮೂರು ನಿಪ್ಪಾಣಿ ಹತ್ತಿರದ ಭೋಜ. ಹೊತ್ತು ಹೊತ್ತಿಗೆ ಡೈರಿಯಲ್ಲಿ ಕೂತು ಊರಿನ ಹಾಲಿನ ಫ್ಯಾಟ್ ನೋಡುವುದು ನನ್ನ ಉದ್ಯೋಗ. ಮನೆಯಲ್ಲಿ ಮೂರು ಎಮ್ಮೆ ಇವೆ. ಇಂಥ ಮನೆಯಲ್ಲಿ ಹುಟ್ಟಿ, ಕೊಲ್ಲಾಪುರದಲ್ಲಿ ನರ್ಸಿಂಗ್ ಓದುತ್ತಿರುವ ನನ್ನ ಮಗಳು ಅಶ್ವಿನಿ ದೀಪಾವಳಿಗೆ ಬಂದಾಗ ವೀಗನ್ ಆಗಿ ಬಂದಳು. ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ ಎಂದಳು. ಈ ವಿಷಯವನ್ನು ಎಮ್ಮೆಗಳಿಗೆ ತಿಳಿಸುವ ಧೈರ್ಯ ನನಗಾಗಲಿಲ್ಲ.

ನನ್ನ ಹೆಂಡತಿ ಶೋಭಾ ಅಂದು ಹೋಳಿಗೆ ಮಾಡಿ, ಮೇಲೆ ತುಪ್ಪ ಸುರಿದು, ಪಕ್ಕದಲ್ಲಿ ಬಟ್ಟಲು ತುಂಬ ಹಾಲಿಟ್ಟು ಕರೆದಿದ್ದಳು. ಮಗಳು ತಟ್ಟೆಯನ್ನು ಹಿಂದಕ್ಕೆ ಸರಿಸಿದಳು. "ನನ್ನ ತುಪ್ಪ ಬ್ಯಾಡಾದವ್ರಿಗೆ ನನ್ನ ಅಡಗಿಮನ್ಯಾಗ ಬ್ಯಾರೆ ಏನೂ ಇಲ್ಲ," ಎಂದಳು ಶೋಭಾ. ಮಗಳು ಎರಡು ಬಾಳೆಹಣ್ಣು ತಿಂದು ಬಸ್ ಹತ್ತಿದಳು.

ಅಂದಿನಿಂದ ತಾಯಿ ಮಗಳ ಮಾತುಕತೆ ನನ್ನ ಮುಖಾಂತರವೇ ನಡೆಯಿತು. "ಅವ್ವನ ಮೊಣಕಾಲು ಹೆಂಗೈತಿ ಕೇಳಪ್ಪಾ," ಎಂದು ಫೋನಿನಲ್ಲಿ ಮಗಳು. "ಇದ್ದಂಗ ಐತಿ ಅನ್ರಿ," ಎಂದು ಪಕ್ಕದಲ್ಲೇ ಕೂತ ತಾಯಿ. ನಾಲ್ಕು ತಿಂಗಳು ಹೀಗೆಯೇ ಕಳೆಯಿತು. ನಗುತ್ತಾ ಹೇಳುತ್ತಿದ್ದೇನೆ, ಆದರೆ ಮಗಳು ಮನೆಗೆ ಬಂದು ಹಸಿದ ಹೊಟ್ಟೆಯಲ್ಲಿ ಹೋದದ್ದು ನನ್ನನ್ನು ಬಹಳ ಕಾಡುತ್ತಿತ್ತು. ಭಾನುವಾರ ಮಧ್ಯಾಹ್ನ ಬರುತ್ತೇನೆ ಎಂದು ಅವಳು ತಿಳಿಸಿದಾಗ ನಾನು ನಿರ್ಧರಿಸಿದೆ. ಈ ಸಲ ಅವಳು ಹೊಟ್ಟೆ ತುಂಬ ಉಂಡೇ ಹೋಗಬೇಕು.

ಅವಳು ಹಿಂದೊಮ್ಮೆ ಕೊಲ್ಲಾಪುರದಿಂದ ಒಂದು ಫೋಟೊ ಕಳಿಸಿದ್ದಳು. ಅದರ ಹೆಸರು ಬುರಿಟೊ. ದೊಡ್ಡ ಚಪಾತಿಯೊಳಗೆ ಅನ್ನ, ಕಾಳು, ಮೆಕ್ಕೆಜೋಳ, ಉಳ್ಳಾಗಡ್ಡಿ ತುಂಬಿ ಸುತ್ತುವುದು, ಅಷ್ಟೇ. "ಒಂದ ತಿಂದ್ರ ಸಂಜೀತನಕ ಹಸಿವಿಲ್ಲಪ್ಪಾ," ಎಂದು ಕೆಳಗೆ ಬರೆದಿದ್ದಳು. ನಾನು ವಿಡಿಯೊ ಎರಡು ಸಲ ನೋಡಿದೆ. ಐದೇ ನಿಮಿಷದ ವಿಡಿಯೊ. ನನಗೆ ನಾಲ್ಕು ತಾಸು ಇತ್ತು!

"ಚಹಾ ಸೋಸಾಕ ಬರೂದಿಲ್ಲ ನಿಮಗ," ಎಂದಳು ಶೋಭಾ.

"ಬುರಿಟೊದಾಗ ಸೋಸೂದು ಏನೂ ಇಲ್ಲ," ಎಂದು ನಾನು ಗಂಭೀರವಾಗಿ ಉತ್ತರಿಸಿದೆ.

ಅವಳು ಅಡುಗೆಮನೆಯನ್ನು ನನಗೆ ಬಿಟ್ಟುಕೊಟ್ಟು, ಹಿತ್ತಲಿನ ಒಲೆಯ ಮುಂದೆ ರೊಟ್ಟಿ ಬಡಿಯಲು ಕೂತಳು. ಅಲ್ಲಿಂದ ನಾನು ಚೆನ್ನಾಗಿ ಕಾಣುತ್ತಿದ್ದೆ.

ಮೊದಲ ಅಡ್ಡಿ ರಾಜ್ಮಾ ಕಾಳಿನಿಂದ ಬಂತು. ಅದನ್ನು ಹಿಂದಿನ ದಿನವೇ ನೆನೆಹಾಕಬೇಕಂತೆ. ವಿಡಿಯೊದಲ್ಲಿ ಡಬ್ಬಿಯಿಂದ ತೆಗೆದು ಹಾಕಿದ್ದರು, ನಾನೂ ಡಬ್ಬಿಯಿಂದಲೇ ತೆಗೆದು ಹಾಕಿದೆ. ಹತ್ತು ಸೀಟಿಯಾದ ಮೇಲೆ ಕುಕ್ಕರ್ ತೆರೆದರೆ ಕಾಳುಗಳು ಹೋದ ಹಾಗೆಯೇ ಇದ್ದವು. ಮತ್ತೆ ಹತ್ತು ಸೀಟಿ ಹೊಡೆಸಿದ ಮೇಲೆ ಅಷ್ಟಿಷ್ಟು ಮೆತ್ತಗಾದವು. ಅಕ್ಕಿ ಮಾತ್ರ ನನ್ನ ಮಾತು ಕೇಳಿತು. ಎಷ್ಟು ಕೇಳಿತೆಂದರೆ, ಐದು ಜನಕ್ಕೆಂದು ಇಟ್ಟದ್ದು ಹದಿನೈದು ಜನಕ್ಕಾಗುವಷ್ಟು ಉಬ್ಬಿತು.

ಚಪಾತಿಯದು ಬೇರೆ ಕಥೆ. ಮೊದಲನೆಯದು ಕರ್ನಾಟಕದ ನಕ್ಷೆಯಂತೆ ಬಂತು. ಎರಡನೆಯದು ಮಹಾರಾಷ್ಟ್ರದಂತೆ ಬಂತು. ಮೂರನೆಯದು ಎರಡರ ನಡುವೆ ಎಲ್ಲೋ ಇತ್ತು. ಗಡಿಭಾಗದವನಾದ ನಾನು ಆ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಅದರಲ್ಲಿ ಅನ್ನ ತುಂಬಿ ಸುತ್ತಿದೆ. ಎರಡೂ ತುದಿಯಿಂದ ಅನ್ನ ಹೊರಬಂತು. ತುದಿ ಒತ್ತಿದರೆ ನಡುವೆ ಒಡೆಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಮಾಲನ ಮಾವಶಿ, ಓಣಿಗೆಲ್ಲ ಚಿಕ್ಕಮ್ಮ, ಬಾಗಿಲಲ್ಲಿ ಬಂದು ನಿಂತರು. ಮೂವತ್ತು ವರ್ಷದಿಂದ ಮನೆಯಲ್ಲೇ ಬೀಡಿ ಕಟ್ಟುವವರು. "ಕುಕ್ಕರ್ ಸೀಟಿ ಎಣಸಾಕತ್ತಿದ್ದೆ ತಮ್ಮಾ. ಇಪ್ಪತ್ತೆರಡ ಆದ್ವು. ಏನಾತು ನೋಡೂಣು ಅಂತ ಬಂದೆ," ಎಂದರು.

ನಾನು ಒಡೆದ ಬುರಿಟೊ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ ನಕ್ಕರು. "ಅಯ್ಯ, ಇದು ದೊಡ್ಡ ಬೀಡಿನs ಅಲ್ಲೇನೋ! ಮಾಲು ಹೆಚ್ಚ ತುಂಬೀದಿ. ಅದಕ್ಕ ಬಾಯಿ ಮುಚ್ಚವಲ್ದು."

ಜಗತ್ತಿನ ಯಾವ ಅಡುಗೆ ಪುಸ್ತಕದಲ್ಲೂ ಈ ಮಾತು ಇರಲಾರದು. ನನಗೆ ದಾರಿ ಕಂಡಿತು. ಮಾವಶಿಯೇ ಚಪಾತಿ ಲಟ್ಟಿಸಿ ಬೇಯಿಸಿದರು, ಆಮೇಲೆ ಸುತ್ತಲು ಕೂತರು. ಆದರೆ ಎರಡು ಸುತ್ತಿ ಕೈ ಬಿಟ್ಟರು. "ತೊಡಿಮ್ಯಾಲ ಮೊರ ಇಲ್ಲದ ನನ್ನ ಕೈ ಓಡೂದಿಲ್ಲ," ಎಂದು ಮನೆಗೆ ಹೋಗಿ ತಮ್ಮ ಬೀಡಿ ಕಟ್ಟುವ ಮೊರವನ್ನೇ ತಂದರು. ಸೆರಗಿನಿಂದ ಒಮ್ಮೆ ಝಾಡಿಸಿದರು. ಆಮೇಲೆ ಕೈ ಓಡಿದ್ದೇ ಓಡಿದ್ದು! ಕಾಳು-ಅನ್ನವನ್ನೆಲ್ಲ ಮೊರದಲ್ಲಿ ಸುರುವಿಕೊಂಡು, ಚಿಟಿಕೆ ಹೊಡೆಯುವಷ್ಟರಲ್ಲಿ ತುಂಬಿ, ಸುತ್ತಿ, ಚಮಚದ ಹಿಡಿಕೆಯಿಂದ ಎರಡೂ ತುದಿಯನ್ನು ಒಳಗೆ ಮಡಚಿ, ನಡುವಿಗೆ ಬೀಡಿಗೆ ಸುತ್ತುವ ಕೆಂಪು ದಾರ ಕಟ್ಟಿದರು. ಏಳು ಬುರಿಟೊ, ಏಳೂ ಒಂದೇ ಅಳತೆಯವು. ನಾನು ಪೇಟೆಯಿಂದ ತಂದ ಎಣ್ಣೆ ಪಾಕೀಟಿನ ಮೇಲಿನ ಬರಹವನ್ನು ಓದಿ, ಹಾಲಿನ ಅಂಶವಿಲ್ಲ ಎಂದು ಖಚಿತಪಡಿಸಿಕೊಂಡು, ಏಳನ್ನೂ ತವೆಯ ಮೇಲೆ ಬಿಸಿ ಮಾಡಿದೆ. ನಿಯಮಪಾಲನೆಯಲ್ಲಿ ಎಲ್ಲಿಯೂ ಲೋಪವಿರಲಿಲ್ಲ.

ಅಶ್ವಿನಿ ಬಂದಳು. ತಟ್ಟೆ ನೋಡಿ ಕಣ್ಣರಳಿಸಿದಳು. "ಅಪ್ಪಾ, ನೀ ಮಾಡಿದ್ಯಾ?"

"ಸ್ವಲ್ಪ ಮಾರ್ಗದರ್ಶನ ಪಡಕೊಂಡೆ," ಎಂದೆ.

ಅವಳು ದಾರ ಬಿಚ್ಚಿ ದೊಡ್ಡ ತುತ್ತು ಕಚ್ಚಿದಳು. ಎದೆ ತುಂಬಿ ಬಂತು ನನಗೆ. ಎರಡನೆಯ ತುತ್ತಿಗೆ ಅವಳ ಕಣ್ಣಲ್ಲೂ ನೀರು ಬಂತು. ತಂದೆಯ ಪ್ರೀತಿಗೆ ಕರಗಿದಳು ಎಂದುಕೊಂಡೆ.

"ಹಿಕ್," ಎಂದಳು ಅಶ್ವಿನಿ.

ನೀರು ಕೊಟ್ಟೆ. "ಹಿಕ್!" ಖಾರ ಜಾಸ್ತಿಯಾಯಿತೇನೋ ಎಂದು ನಾನೂ ಒಂದನ್ನು ಅರ್ಧದವರೆಗೆ ತಿಂದೆ. ಗಂಟಲಲ್ಲಿ ಏನೋ ಘಾಟು ಹತ್ತಿತು. ಮನೆಯ ಗೋಡೆ ಒಂದು ಸಲ ಎಡಕ್ಕೆ ವಾಲಿ ಮತ್ತೆ ತನ್ನ ಜಾಗಕ್ಕೆ ಬಂತು. "ಹಿಕ್," ಎಂದೆ ನಾನು. ಮಾವಶಿ ಮಾತ್ರ ಒಂದಿಡೀ ಬುರಿಟೊ ಮುಗಿಸಿ, "ರುಚಿ ಚೊಲೊ ಐತಲ್ಲ," ಎಂದರು.

ಶೋಭಾ ಹಿತ್ತಲಿನಿಂದ ಎದ್ದು ಬಂದಳು. ಒಂದು ಬುರಿಟೊ ಎತ್ತಿ ಮೂಸಿದಳು. ಮಾವಶಿಯ ಮೊರ ನೋಡಿದಳು. "ಮಾವಶಿ, ಇದರಾಗ ತಂಬಾಕದ ಪುಡಿ ಸೇರೇತ್ರಿ!"

"ಝಾಡಿಸೀನಲ್ಲ ಬೇ," ಎಂದರು ಮಾವಶಿ.

ಸಂಕಟದ ಸಮಯದಲ್ಲೂ ನಾನು ತತ್ವ ಬಿಡಲಿಲ್ಲ. "ತಂಬಾಕು ಗಿಡದ್ದs ಐತಿ. ಹಿಕ್. ಅದರಾಗ ಹಾಲಿಲ್ಲ, ತುಪ್ಪಿಲ್ಲ."

ಯಾರೂ ನನ್ನ ಕಡೆ ನೋಡಲಿಲ್ಲ. ಶೋಭಾ ಮಗಳ ಬೆನ್ನು ಸವರಿ, ಬಾಯಿಗೆ ಬೆಲ್ಲದ ಚೂರು ಹಾಕಿ, "ಉಸರ ಹಿಡಿ. ಇನ್ನs ಬಿಡಬ್ಯಾಡ," ಎಂದಳು. ನಾಲ್ಕು ತಿಂಗಳ ಮೇಲೆ ಮಗಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಮಗಳೂ ಬಿಡದೆ ಹಿಡಿದಳು.

ಬಿಕ್ಕಳಿಕೆ ನಿಂತಿತು, ಹಸಿವು ನಿಲ್ಲಲಿಲ್ಲ. ಒಲೆಯ ಪಕ್ಕ ಶೋಭಾ ತನಗೆಂದು ಬಡಿದ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕಾ, ಶೇಂಗಾ ಚಟ್ನಿ ಇದ್ದವು. ಮಗಳು ಅಲ್ಲಿಯೇ ಹೋಗಿ ಕೂತಳು.

"ಅದ ಬ್ಯಾಡ, ಅದು ನಂದು," ಎಂದಳು ಶೋಭಾ. "ಮನಿಗೆ ಬಂದ ಮಗಳಿಗೆ ಝುಣಕಾ ರೊಟ್ಟಿ ಹಾಕಿದ್ರ ಮಂದಿ ಏನಂದಾರು?"

"ಇದರಾಗ ಹಾಲ ಐತೇನವ್ವಾ?"

"ಝುಣಕಾಕ ಹಾಲ್ಯಾಕ?"

"ತುಪ್ಪ?"

"ಎಣ್ಣಿ ಒಗ್ಗರಣಿ." ಶೋಭಾ ಅಲ್ಲಿಗೆ ನಿಲ್ಲಿಸಿದಳು. ರೊಟ್ಟಿ ನೋಡಿದಳು, ಚಟ್ನಿ ನೋಡಿದಳು. ನಾನೂ ನೋಡಿದೆ. ಈ ಮನೆಯಲ್ಲಿ ದಿನ ಬೆಳಗಾದರೆ ನಾವು ತಿನ್ನುತ್ತಿದ್ದುದು ಅದೇ. ಬಂದವರಿಗೆ ಹಾಕಬಾರದ ಊಟ ಎಂದುಕೊಂಡಿದ್ದರಿಂದ ಅದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ, ಅಷ್ಟೇ.

ಅಶ್ವಿನಿ ಮೂರು ರೊಟ್ಟಿ ತಿಂದಳು. ನಾಲ್ಕನೆಯದನ್ನು ಶೋಭಾ ಕೇಳದೆಯೇ ಹಾಕಿದಳು, ಮುಖ ಆ ಕಡೆ ತಿರುಗಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಒಲೆಯ ಹೊಗೆ ಎಂದಳು. ಒಲೆ ಆರಿತ್ತು.

"ಅವ್ವಾ, ಮುಂದಿನ ಸಲ ಬಂದ್ರ ನಾಕ ದಿನ ಇರ್ತೀನಿ," ಎಂದಳು ಮಗಳು. ಆಮೇಲೆ ನನ್ನನ್ನು ಗಮನಿಸಿ, "ಅಪ್ಪನೂ ಉಂಡಿಲ್ಲಲ್ಲ. ಅವಂಗ ಏನ ಹಾಕೂದು?" ಎಂದಳು.

ಬುಟ್ಟಿಯಲ್ಲಿ ಇನ್ನೂ ಎರಡು ರೊಟ್ಟಿ ಇದ್ದದ್ದು ನನಗೆ ಕಾಣುತ್ತಿತ್ತು. ಶೋಭಾ ಅದರ ಮೇಲೆ ಬಟ್ಟೆ ಮುಚ್ಚಿದಳು.

"ಅವರು ಮಾಡಿದ್ದು ಇನ್ನೂ ನಾಕ ಅದಾವಲ್ಲ," ಎಂದಳು.

ನಾನು ಆಕ್ಷೇಪಣೆ ಸಲ್ಲಿಸಲು ಬಾಯಿ ತೆರೆದೆ. ಬಿಕ್ಕಳಿಕೆ ಬಂತು. ತಾಯಿ ಮಗಳು ಅದನ್ನು ನನ್ನ ಒಪ್ಪಿಗೆ ಎಂದೇ ಪರಿಗಣಿಸಿದರು.