ಇಂಡಿ ಬಸ್ಸಿಗೆ ಒಗೆದ ಪಾಟಿಚೀಲ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಅಂದು ಸಂಜೆ ನಾನು ಡೈರಿಯಲ್ಲಿ ಬರೆದದ್ದು ಒಂದು, ನನ್ನ ಗಂಡ ಅಂಗಡಿಗೆ ಬಂದವರ ಮುಂದೆಲ್ಲ ಹೇಳುವುದು ಇನ್ನೊಂದು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಒಬ್ಬರ ನೆನಪನ್ನಷ್ಟೇ ನಂಬಿ ಇತಿಹಾಸ ಬರೆಯಬಾರದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾಗಿದ್ದೇನೆ. ಆ ಒಬ್ಬರು ನಾನೇ ಆಗಿದ್ದರಂತೂ ನಂಬಲೇಬಾರದು ಎಂಬುದು ಈ ವರ್ಷ ಶಾಲೆ ಶುರುವಾದ ದಿನ ತಿಳಿಯಿತು.

ನಮ್ಮ ಮಗಳು ಅಕ್ಷತಾ ಏಳನೆಯ ತರಗತಿ ಮುಗಿಸಿ ಹೈಸ್ಕೂಲಿಗೆ ಬಂದಳು. ನಾವಿರುವುದು ಆಲಮೇಲದಲ್ಲಿ. ಇಲ್ಲಿ ಹೈಸ್ಕೂಲು ಇಲ್ಲವೆಂದಲ್ಲ. ಆದರೆ ಸಿಂದಗಿಯ ಒಂದು ಶಾಲೆಯಲ್ಲಿ ಖೋಖೋ ಚೆನ್ನಾಗಿ ಆಡಿಸುತ್ತಾರೆಂದು ಅವಳು ಎಲ್ಲಿಂದಲೋ ತಿಳಿದುಕೊಂಡಿದ್ದಳು. ಹೋದರೆ ಅಲ್ಲಿಗೇ ಎಂದು ಬೇಸಿಗೆಯಿಡೀ ಹಟ ಹಿಡಿದಳು. ಅಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಅವಳು ಅದುವರೆಗೆ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಗೊಬ್ಬರದ ಅಂಗಡಿ ನಡೆಸುವ ನನ್ನ ಗಂಡ ವ್ಯಾಪಾರಸ್ಥರ ಪದ್ಧತಿಯಂತೆ ಒಂದು ಕರಾರು ಹಾಕಿದರು.

"ಒಂದ ವಾರ ಒಬ್ಬಾಕಿನ ಹೋಗಿ ಬಾ, ನೋಡೂಣು. ಏನರ ಗದ್ದಲ ಆತಂದ್ರ ಮರುದಿನಾನ ಇಲ್ಲೇ ಸಾಲಿಗೆ ಹಚ್ಚತೇನಿ."

ಅಕ್ಷತಾ ಒಪ್ಪಿದಳು. ಅವಳೂ ಒಂದು ಕರಾರು ಹಾಕಿದಳು. ಅದು ನನಗೆ.

"ಮಮ್ಮಿ, ನೀ ಬಸ್‌ಸ್ಟ್ಯಾಂಡಿಗೆ ಬರಬ್ಯಾಡ."

"ಯಾಕ?"

"ನೀ ಬಂದ್ರ ಗದ್ದಲ ಆಗತೈತಿ."

ಬರುವುದಿಲ್ಲವೆಂದು ಮಾತು ಕೊಟ್ಟೆ. ಬರೀ ಮಾತು ಕೊಟ್ಟು ಸುಮ್ಮನಿರುವ ಅಭ್ಯಾಸ ನನಗಿಲ್ಲ. ಜೊತೆಗೆ ಒಂದು ಭಾಷಣವನ್ನೂ ಕೊಟ್ಟೆ.

"ನಿನ್ನಷ್ಟಿದ್ದಾಗ ನಾ ಒಬ್ಬಾಕಿನ ಇಂಡಿಗೆ ಹೈಸ್ಕೂಲಿಗೆ ಹೋಗತಿದ್ನಿ. ಯಾರ ಬಂದು ಹತ್ತಸತಿದ್ರು ನನ್ನ? ಧೈರ್ಯ ಇದ್ದವ್ರಿಗೆ ಸೀಟ ತಾನಾಗೇ ಸಿಗತೈತಿ."

ಇದು ಸುಳ್ಳಲ್ಲ. ನನ್ನ ತವರು ಇಂಡಿಯ ಹತ್ತಿರದ ಒಂದು ಹಳ್ಳಿ. ನಮ್ಮೂರಿಗೆ ವಸ್ತಿ ಬಸ್ಸು ಬರುತ್ತಿತ್ತು. ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಇಂಡಿಗೆ ಹೊರಡುತ್ತಿತ್ತು. ನಾನು ಹೋಗುವಷ್ಟರಲ್ಲಿ ಹಾಲಿನ ಕ್ಯಾನು, ಸಂತೆಯ ಬುಟ್ಟಿ, ಕೋಳಿ, ಜನ ಎಲ್ಲ ಸೇರಿ ಬಸ್ಸು ತುಂಬಿ ಗಿಡಿದುಹೋಗಿರುತ್ತಿತ್ತು. ಆದರೂ ಡ್ರೈವರನ ಹಿಂದಿನ ಕಿಟಕಿ ಸೀಟು ಮಾತ್ರ ದಿನವೂ ಖಾಲಿ. ಅದರ ಮೇಲೆ ಕೆಂಪು ಅಂಚಿನ ಹಳೆಯ ಟವಲೊಂದು ಬಿದ್ದಿರುತ್ತಿತ್ತು. ಡ್ರೈವರನದಿರಬೇಕೆಂದು ಅದನ್ನು ಮಡಚಿ ಬದಿಗಿಟ್ಟು ಕೂಡುತ್ತಿದ್ದೆ. ಒಂದು ದಿನವೂ ಯಾರೂ ಏಳು ಅನ್ನಲಿಲ್ಲ. ನನ್ನ ಮುಖದ ಮೇಲಿನ ಧೈರ್ಯ ನೋಡಿಯೇ ಜನ ಹಿಂದೆ ಸರಿಯುತ್ತಾರೆ ಎಂದು ನಾನು ತಿಳಿದಿದ್ದೆ.

ಮೊದಲ ದಿನ ಅಕ್ಷತಾ ಹೊಸ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಚೀಲದೊಳಗೆ ರೊಟ್ಟಿ, ಶೇಂಗಾ ಚಟ್ನಿಪುಡಿಯ ಬುತ್ತಿ ಡಬ್ಬಿ ಮತ್ತು ಹಳೆಯ ಶಾಲೆಯ ಟಿ.ಸಿ. ಇತ್ತು. ಮೊದಲ ದಿನವೇ ಟಿ.ಸಿ. ತಂದುಕೊಡಬೇಕೆಂದು ಹೆಡ್‌ಮಾಸ್ತರರು ಬೆರಳೆತ್ತಿ ಹೇಳಿದ್ದರು.

ನಾನು ಕೊಟ್ಟ ಮಾತಿಗೆ ಬದ್ಧಳಾಗಿ ಮನೆಯಲ್ಲೇ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಮನೆಯಲ್ಲಿ ಕೊತ್ತಂಬರಿ ಇಲ್ಲವೆಂಬುದು ಗಮನಕ್ಕೆ ಬಂತು. ಹಿಂದಿನ ದಿನವಷ್ಟೇ ನಾನೇ ಒಂದು ಕಟ್ಟು ತಂದಿದ್ದೆನೆಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಕೊತ್ತಂಬರಿ ಮಾರುವವಳು ಬಸ್‌ಸ್ಟ್ಯಾಂಡಿನ ಎದುರಿಗೇ ಕೂಡುತ್ತಾಳೆ. ಅವಳು ಅಲ್ಲಿ ಕೂತರೆ ಅದು ನನ್ನ ತಪ್ಪೇ?

ಮಗಳಿಗೆ ಕಾಣಬಾರದೆಂದು ಸೆರಗಿನಿಂದ ಮೂಗಿನವರೆಗೆ ಮುಖ ಮುಚ್ಚಿಕೊಂಡು ಪಾನ್ ಅಂಗಡಿಯ ಮಗ್ಗುಲಿಗೆ ನಿಂತೆ. ಯಾರಿಗೂ ಗುರುತು ಸಿಗುವುದಿಲ್ಲವೆಂದು ನನಗೆ ಪೂರ್ಣ ಭರವಸೆಯಿತ್ತು.

"ಏನ್ರಿ ಅಕ್ಕಾರ!" ಎಂದ ಪಾನ್ ಅಂಗಡಿಯ ಶರಣಪ್ಪ, ಸುತ್ತ ನಾಲ್ಕು ಮನೆಗೆ ಕೇಳುವಂತೆ. "ಯಾಕ ಮಾರಿ ಮುಚಗೊಂಡೀರಿ? ಹಲ್ಲ ನೋವೇನ್ರಿ?"

"ಹೌದ್ರಿ," ಎಂದೆ ಮೆಲ್ಲಗೆ.

"ಯಾವ ಕಡಿದ್ರಿ?"

ಎಡಗಡೆ ತೋರಿಸಿದೆ. ಬಲಗಡೆ ತೋರಿಸಿದ್ದೆನೇನೋ. ಅಷ್ಟರಲ್ಲಿ ಕೊತ್ತಂಬರಿಯವಳು ಎದ್ದು ಬಂದು, "ಲವಂಗ ಕಚಗೊಂಡು ಕೂಡ್ರಿ ಯವ್ವಾ," ಎಂದಳು. ಬಸ್ಸಿಗೆ ಕಾಯುತ್ತಿದ್ದ ಕುರಿಗಾರ ಮುದುಕನೊಬ್ಬ, "ಲವಂಗ ಯಾತಕ? ಕಿತ್ತಿಸಿ ಒಗದುಬಿಡ್ರಿ!" ಎಂದ. ಇಬ್ಬರಿಗೂ ಅಲ್ಲೇ ವಾದ ಹತ್ತಿತು. ನನ್ನ ಗುಪ್ತ ಕಾರ್ಯಾಚರಣೆಯ ಸುತ್ತ ಒಂದು ಸಣ್ಣ ಸಭೆಯೇ ಸೇರಿತು.

ಅಕ್ಷತಾ ಮಾತ್ರ ಇತ್ತ ನೋಡಲಿಲ್ಲ. ನೀರಿನ ನಲ್ಲಿಯ ಹತ್ತಿರ ಪಕ್ಕದ ಹಳ್ಳಿಯಿಂದ ಬಂದಿದ್ದ ಇಬ್ಬರು ಹುಡುಗಿಯರ ಜೊತೆ ನಗುತ್ತಾ ನಿಂತಿದ್ದಳು. ಆಗಷ್ಟೇ ಆದ ಗೆಳೆತನ. ಅವಳ ಚೀಲ ಇತ್ತ ಕಲ್ಲುಬೆಂಚಿನ ಮೇಲೆ ಅನಾಥವಾಗಿತ್ತು.

ಆಗ ಬಸ್ಸು ಬಂತು.

ನಮ್ಮ ಕಡೆ ಬಸ್ಸು ಹತ್ತುವುದು ಬಾಗಿಲಿನಿಂದ ಅಲ್ಲ, ಕಿಟಕಿಯಿಂದ. ಹೆಣ್ಣುಮಕ್ಕಳಿಗೆ ಟಿಕೀಟು ಪುಕ್ಕಟೆಯಾದ ಮೇಲಂತೂ ಬಸ್ಸು ನಿಲ್ಲುವ ಮೊದಲೇ ಟವಲು, ಕರವಸ್ತ್ರ, ಕೈಚೀಲ ಎಲ್ಲ ಕಿಟಕಿಯೊಳಗೆ ಹಾರುತ್ತವೆ. ಯಾರ ವಸ್ತು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಅವರದು. ಇದಕ್ಕೆ ಮೇಲ್ಮನವಿ ಇಲ್ಲ. ಜನ ಓಡುತ್ತಿದ್ದರು. ಅಕ್ಷತಾ ನಗುತ್ತಲೇ ಇದ್ದಳು. ಮೊದಲ ದಿನವೇ ನಿಂತುಕೊಂಡು ಸಿಂದಗಿಯವರೆಗೆ! ನನ್ನೊಳಗಿನ ತಾಯಿ ಎದ್ದು ನಿಂತಳು. ಎಂ.ಎ. ಕುಳಿತುಕೊಂಡಿತು.

ಬೋರ್ಡಿನ ಮೇಲೆ 'ಸಿಂದಗಿ' ಎಂಬುದನ್ನು ಸ್ಪಷ್ಟವಾಗಿ ಓದಿದೆ. ಓದಿದ ತಕ್ಷಣ ಬೆಂಚಿನ ಮೇಲಿನ ಚೀಲ ಎತ್ತಿಕೊಂಡು, ಹಲ್ಲುನೋವಿನ ಹೆಣ್ಣುಮಗಳು ಓಡಬಾರದ ವೇಗದಲ್ಲಿ ಓಡಿ, ಕಿಟಕಿಯೊಳಗೆ ಒಗೆದೆ. ಒಳಗಿದ್ದ ರುಮಾಲಿನ ಹಿರಿಯರೊಬ್ಬರು ಅದನ್ನು ತೆಗೆದು ತಮ್ಮ ಮಗ್ಗುಲಿನ ಸೀಟಿನ ಮೇಲೆ ಗೌರವದಿಂದ ಕೂಡಿಸಿದರು.

"ಚಿಂತಿ ಮಾಡಬ್ಯಾಡವಾ ತಂಗಿ. ಯಾರಿಗೂ ಕೂಡಾಕ ಬಿಡಂಗಿಲ್ಲ."

ಗೆದ್ದ ಮುಖದಿಂದ ತಿರುಗಿದೆ. ಎದುರಿಗೆ ಅಕ್ಷತಾ. ಅವಳ ಹಿಂದೆ ಆ ಇಬ್ಬರು ಹುಡುಗಿಯರು. ಅವಳು ನನ್ನನ್ನು ಈ ಹಿಂದೆ ಎಲ್ಲೂ ನೋಡಿಲ್ಲದವಳಂತೆ ನೋಡಿ, ತುಂಬ ಮರ್ಯಾದೆಯಿಂದ ಹೇಳಿದಳು:

"ಆಂಟಿ, ಅದು ಇಂಡಿ ಬಸ್ ಐತ್ರಿ."

ಹುಟ್ಟಿದಾಗಿನಿಂದ ಅವಳು ನನಗೆ 'ರಿ' ಹಚ್ಚಿದ್ದು ಅದೇ ಮೊದಲು.

ತಿರುಗಿ ನೋಡಿದೆ. ಬೋರ್ಡಿನ ಮೇಲೆ 'ಸಿಂದಗಿ–ಇಂಡಿ' ಎಂದಿತ್ತು. ಬಸ್ಸು ಸಿಂದಗಿಯಿಂದ ಬಂದು ಇಂಡಿಗೆ ಹೊರಟಿತ್ತು. ಬಂದ ಊರು, ಹೋಗುವ ಊರು ಎರಡನ್ನೂ ಬೋರ್ಡಿನ ಮೇಲೆ ಬರೆಯುತ್ತಾರೆಂಬುದು ಆಲಮೇಲದ ತೊಟ್ಟಿಲ ಕೂಸಿಗೂ ಗೊತ್ತು. ನಾನು ಮೊದಲ ಶಬ್ದ ಓದಿ ಸಂಶೋಧನೆ ನಿಲ್ಲಿಸಿದ್ದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು. ನಾನು ಅದರ ಹಿಂದೆ ಬಹಳ ದೂರ ಓಡಿದೆನೆಂದು ನನ್ನ ನೆನಪು. ತನ್ನ ಅಂಗಡಿಯನ್ನೂ ದಾಟಲಿಲ್ಲವೆಂದು ಶರಣಪ್ಪನ ಹೇಳಿಕೆ.

"ಟಿ.ಸಿ.!" ಎಂದೆ, ಉಸಿರು ಸಿಕ್ಕಾಗ.

"ಗೊತ್ತೈತ್ರಿ ಆಂಟಿ," ಎಂದಳು ಅಕ್ಷತಾ. ಕಣ್ಣಲ್ಲಿ ನೀರು ಬಂದಿತ್ತು, ಆದರೆ ಅದನ್ನು ಕೆಳಗೆ ಬೀಳಲು ಬಿಡಲಿಲ್ಲ.

ಅಷ್ಟರಲ್ಲಿ ನಿಜವಾದ ಸಿಂದಗಿ ಬಸ್ಸು ಬಂತು. ಅವಳು ಕಂಡಕ್ಟರನನ್ನು ಕೇಳಿ, ಖಾಲಿ ಕೈಯಲ್ಲಿ ಹತ್ತಿ, ಒಳಗಿದ್ದ ಯಾರಿಗೋ "ಸ್ವಲ್ಪ ಸರೀರಿ" ಎಂದಳು. ಅವರು ಸರಿದರು. ಕುಳಿತಳು. ಸೀಟು ಹಿಡಿಯಲು ಹೀಗೂ ಒಂದು ದಾರಿಯಿದೆಯೆಂದು ನನಗೆ ಹೊಳೆದಿರಲಿಲ್ಲ.

ಅವ್ವನಿಗೆ ಫೋನು ಮಾಡಿದೆ. ಅವ್ವ ಈಗ ನನ್ನ ಅಣ್ಣನ ಜೊತೆ ಇಂಡಿಯಲ್ಲೇ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇರುತ್ತಾಳೆ.

"ಅವ್ವಾ, ಆಲಮೇಲದ ಬಸ್ಸಿನ್ಯಾಗ ಅಕ್ಷತಾನ ಪಾಟಿಚೀಲ ಬರಾಕತ್ತೈತಿ."

"ಹುಡಿಗಿ?"

"ಹುಡಿಗಿ ಸಿಂದಗಿಗೆ ಹೋತು."

"ಚೀಲದ ಬಣ್ಣ ಯಾವ್ದು?" ಎಂದಷ್ಟೇ ಕೇಳಿದಳು ಅವ್ವ.

"ನೀಲಿ," ಎಂದೆ, ಖಚಿತವಾಗಿ.

ಅಷ್ಟರಲ್ಲಿ ಗಂಡ ಬೈಕು ತಂದು ನಿಲ್ಲಿಸಿದರು. ಪೇಟೆಯಲ್ಲಿ ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ಯಾವ ಹಲ್ಲು?"

"ಹಲ್ಲ ಬಿಡ್ರಿ, ಚೀಲ ಇಂಡಿಗೆ ಹೋತು!"

ಎಲ್ಲವನ್ನೂ ಕೇಳಿದರು. ಬೈಯಲಿಲ್ಲ. ಬೈಕಿಗೆ ಕಿಕ್ ಹೊಡೆದು ಕೇಳಿದರು: "ಕೊತ್ತಂಬರಿ ತಗೊಂಡಿ?"

ತೆಗೆದುಕೊಂಡಿರಲಿಲ್ಲ.

ಬೈಕಿನಲ್ಲಿ ಬೆನ್ನು ಹತ್ತಿದೆವು; ದಾರಿಯಲ್ಲಿ ಬಸ್ಸು ಒಮ್ಮೆ ಕಂಡರೂ, ಕುರಿಹಿಂಡು ಅಡ್ಡ ಬಂದು ಕಣ್ಮರೆಯಾಯಿತು. ಇಂಡಿ ಹತ್ತಿರವಾದಾಗ ಕೆಂಪು ಬಸ್ಸೊಂದು ಕಂಡಿತು. ಬೈಕು ಅಡ್ಡ ಹಾಕಿಸಿ, ನಿಲ್ಲಿಸಿ, ಒಳಗೆ ಹತ್ತಿ, "ಚೀಲ ಎಲ್ಲೈತ್ರಿ?" ಎಂದು ಕೂಗಿದೆ. ಎಲ್ಲರೂ ತಂತಮ್ಮ ಚೀಲವನ್ನು ಅಪ್ಪಿ ಹಿಡಿದುಕೊಂಡರು. ಅದು ಚಡಚಣದ ಬಸ್ಸಾಗಿತ್ತು. ಈ ಸಲ ಬೋರ್ಡನ್ನು ಓದಿಯೇ ಇರಲಿಲ್ಲ!

ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಮತ್ತು ರುಮಾಲಿನ ಹಿರಿಯರು ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ನಡುವೆ ಹಸಿರು ಬಣ್ಣದ ಚೀಲ. ಬುತ್ತಿ ಡಬ್ಬಿ ತೆರೆದಿತ್ತು.

"ನೀಲಿ ಚೀಲ ಕೊಡ್ರಿ ಅಂದ್ನಿ," ಎಂದಳು ಅವ್ವ. "ಇದು ಹಸರ ಐತಿ, ಕೊಡಂಗಿಲ್ಲ ಅಂದ್ರು. ಅವರದೇನ ತಪ್ಪು?"

ನೀಲಿ ಹೋದ ವರ್ಷದ ಚೀಲ.

"ಮತ್ತ ಹೆಂಗ ಕೊಟ್ರು?"

"ಡಬ್ಬಿ ತಗೀರಿ ಅಂದ್ನಿ. ರೊಟ್ಟಿ, ಶೇಂಗಾ ಹಿಂಡಿ ಇತ್ತು. ಹಿಂಡಿ ನಾಲಿಗಿಗೆ ಹಚ್ಚಿದ್ನಿ. ಉಪ್ಪು ಜಾಸ್ತಿ ಆಗಿತ್ತು. ನನ್ನ ಮಗಳ ಕೈದ ಐತಿ ಅಂದ್ನಿ."

"ನಾನೂ ತಿಂದ ನೋಡಿದ್ನ್ರಿ," ಎಂದರು ಹಿರಿಯರು ಗಂಭೀರವಾಗಿ. "ಉಪ್ಪು ಖರೇನ ಜಾಸ್ತಿ ಇತ್ತು. ಅದಕ ಕೊಟ್ನಿ."

ದಾರಿಯುದ್ದಕ್ಕೂ ಆ ಸೀಟನ್ನು ಕಾಯ್ದ ಕಥೆಯನ್ನೂ ಅವರು ಹೇಳಿದರು. ಕೂಸು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಕೇಳಿದರೂ ಬಿಡಲಿಲ್ಲವಂತೆ. "ಮಾತ ಕೊಟ್ಟಿದ್ನಲ್ರಿ ನಿಮಗ," ಎಂದರು. ಕೊಟ್ಟ ಮಾತಿನ ವಿಷಯ ಬಂದಾಗ ನಾನು ನೆಲ ನೋಡಿದೆ.

ಅವರು ಹೋದ ಮೇಲೆ ಅವ್ವ ಡಬ್ಬಿ ಮುಚ್ಚುತ್ತಾ ಬೈದಳು.

"ಸೀಟ ಹಿಡಿಯೂದು ಹಿಂಗೇನಾ ಹುಚ್ಚಿ? ಮೊದಲ ಕಂಡಕ್ಟರನ್ನ ಕೇಳಬೇಕು. ಆಮ್ಯಾಲೆ ಟವಲ್ ಹಾಕಬೇಕು. ಹುಡಿಗಿ ಬರೂದ್ರಾಗ ಅಲ್ಲಿಂದ ಜಾಗಾ ಖಾಲಿ ಮಾಡಬೇಕು."

ಹೇಳಿದವಳೇ ಒಮ್ಮೆಲೇ ನನ್ನ ಗಂಡನ ಕಡೆ ತಿರುಗಿದಳು. "ಚಹಾ ಕುಡೀತೀರೇನ್ರಿ?"

ಸಂಜೆ ಅಕ್ಷತಾ ಒಬ್ಬಳೇ ಬಂದಳು, ಸರಿಯಾದ ಬಸ್ಸಿನಲ್ಲಿ. ಅರ್ಧ ತರಗತಿಯವರು ಟಿ.ಸಿ. ತಂದಿರಲಿಲ್ಲವಂತೆ, ನಾಳೆ ತನ್ನಿ ಅಂದರಂತೆ. ಆ ಇಬ್ಬರು ಹುಡುಗಿಯರ ಬುತ್ತಿಯಲ್ಲಿ ಉಂಡಳಂತೆ.

"ನಾ ಯಾರಂತ ಕೇಳಿದ್ರೇನ ಅವರು?" ಎಂದೆ.

"ಕೇಳಿದ್ರು. ಯಾರೋ ಹಲ್ಲ ನೋವಿನವ್ರು, ತಮ್ಮ ಚೀಲ ಅಂತ ತಿಳದ ಒಗದ್ರು ಅಂದ್ನಿ."

ಆಮೇಲೆ ಅವಳು ಅಪ್ಪನ ಮುಂದೆ ಹೋಗಿ ನಿಂತಳು. ಖೋಖೋ, ಸಿಂದಗಿ ಎಲ್ಲ ಆ ಒಂದು ಕರಾರಿನ ಮೇಲೆ ನಿಂತಿತ್ತು. "ಪಪ್ಪಾ, ಗದ್ದಲ ಆತು," ಎಂದು ತಾನೇ ಒಪ್ಪಿಕೊಂಡಳು.

"ಆತು," ಎಂದರು ಅವರು. "ಆದ್ರ ಮಾಡಿದಾಕಿ ನೀ ಅಲ್ಲ. ನೀ ಸಿಂದಗಿಗೇ ಹೋಗು. ನಿಮ್ಮವ್ವನ್ನ ಇಲ್ಲೇ ಸಾಲಿಗೆ ಹಚ್ಚತೇನಿ. ಬೋರ್ಡ ಓದೂದರ ಕಲೀಲಿ."

ಮರುದಿನ ಅವಳು ಹೋದಳು. ನಾನು ಮನೆಯಲ್ಲೇ ಇದ್ದೆ, ಖರೇನೇ. ಕೂತು ನೆನಪು ಮಾಡಿಕೊಂಡೆ. ನಾನು ಹೈಸ್ಕೂಲಿಗೆ ಹೋಗುವ ದಿನಗಳಲ್ಲಿ ಬೆಳಿಗ್ಗೆ ಏಳುವಷ್ಟರಲ್ಲಿ ಅವ್ವ ಮನೆಯಲ್ಲಿ ಇರುತ್ತಿರಲಿಲ್ಲ. ನೀರಿಗೆ ಹೋಗಿರುತ್ತಿದ್ದಳು. ಬಾವಿಯ ದಾರಿ ವಸ್ತಿ ಬಸ್ಸು ನಿಲ್ಲುವ ಕಟ್ಟೆಯ ಮುಂದೆಯೇ ಹಾದುಹೋಗುತ್ತಿತ್ತು. ಅವಳು ತರುತ್ತಿದ್ದ ಕೊಡ ತುಂಬಿರುತ್ತಿತ್ತೋ ಇಲ್ಲವೋ ನೆನಪಿಲ್ಲ. ನಾನು ತಾರದ ಕೊತ್ತಂಬರಿ ಮಾತ್ರ ಚೆನ್ನಾಗಿ ನೆನಪಿದೆ. ಯಾರ ಸಹಾಯವೂ ಇಲ್ಲದೆ ಓದಿ ಬೆಳೆದವಳೆಂದು ಇಷ್ಟು ವರ್ಷ ಎಲ್ಲರಿಗೂ ಭಾಷಣ ಕೊಟ್ಟವಳ ಇತಿಹಾಸಕ್ಕೆ ಈಗ ಒಬ್ಬರೇ ಸಾಕ್ಷಿ. ಆ ಸಾಕ್ಷಿಗೆ ಫೋನು ಮಾಡಿ ಕೇಳಿದೆ.

"ಹಲ್ಲ ನೋವು ಕಡಿಮಿ ಆತೇನು?" ಎಂದು ಅವ್ವ ನನ್ನನ್ನೇ ಕೇಳಿ ಫೋನು ಇಟ್ಟಳು. ಹಬ್ಬಕ್ಕೆ ಹೋದಾಗ ಮತ್ತೆ ಕೇಳಿದೆ. ಶೇಂಗಾ ಹಿಂಡಿಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳಿಕೊಟ್ಟಳು. ಉತ್ತರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅವ್ವಾ, ಡ್ರೈವರನ ಹಿಂದಿನ ಸೀಟಿನ ಮ್ಯಾಲ ದಿನಾ ಬಿದ್ದಿರತಿತ್ತಲ್ಲ, ಕೆಂಪು ಅಂಚಿಂದು, ಆ ಟವಲ್ ಯಾರದು?"