ಬೆಟ್ಟ ಹತ್ತಿದ ಸಮುದ್ರ

"ಬರೋ ಭಾನುವಾರ ನಿಜವಾದ ಸಮುದ್ರಾನ ನನ್ನ ಸಮುದ್ರದ ಪಕ್ಕ ನಿಲ್ಲಿಸ್ತೀನಿ! ಯಾವುದು ಚೆಂದ ಅಂತ ಲೋಕವೇ ನೋಡಲಿ!"

ಫೋಟೋ ಮಾಮ ಹೀಗೆ ಗುಡುಗಿದ್ದು ಗುರುವಾರ ಮಧ್ಯಾಹ್ನ, ತಮ್ಮ ಸ್ಟುಡಿಯೋದ ಸ್ಟೂಲಿನ ಮೇಲೆ ನಿಂತು. ಗುಡುಗಲು ಕಾರಣವಿತ್ತು. ಸ್ಟುಡಿಯೋದ ಹಿಂಗೋಡೆಗೆ ಒಂಬತ್ತು ಅಡಿ ಅಗಲದ ಕ್ಯಾನ್ವಾಸ್ ಪರದೆ ತೂಗುತ್ತದೆ. ಅದರ ತುಂಬ ಸಮುದ್ರ! ಇಪ್ಪತ್ತೆರಡು ವರ್ಷದ ಹಿಂದೆ ಮಾಮ ಸ್ವಹಸ್ತದಿಂದ ಬರೆದದ್ದು. ಊರಿನ ಅರ್ಧ ಜನ ಅದರ ಮುಂದೆ ನಿಂತು ನಕ್ಕಿದ್ದಾರೆ, ಉಳಿದರ್ಧ ನಗದೆ ನಿಂತಿದ್ದಾರೆ. ಆ ದಿನ ಮಾತ್ರ ಹಡಗಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಬಂದು, ಪರದೆಯನ್ನೇ ದಿಟ್ಟಿಸಿ, "ಹುಲ್ಲುಗಾವಲು ಚೆನ್ನಾಗಿ ಬಂದಿದೆ" ಎಂದುಬಿಟ್ಟರು!

"ಸ್ವಾಮಿ, ಅದು ಸಮುದ್ರ!"

"ಹೌದಾ? ನೀವು ಸಮುದ್ರ ನೋಡಿದೀರಾ?"

ಈ ಪ್ರಶ್ನೆಗೆ ಮಾಮ, "ಗದ್ದ ಸ್ವಲ್ಪ ಮೇಲೆತ್ತಿ" ಎಂದಷ್ಟೇ ಉತ್ತರ ಕೊಟ್ಟರು. ಏಕೆಂದರೆ ಮಾಮ ಸಮುದ್ರ ನೋಡಿರಲಿಲ್ಲ! ಒಂದು ಹಳೆಯ ಕ್ಯಾಲೆಂಡರ್ ನೋಡಿ ಬರೆದಿದ್ದರು. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಪಕ್ಕದ ಕೋಣೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ ಆಕೆ ಮೊಳೆ ಬಾಯಲ್ಲಿ ಕಚ್ಚಿಕೊಂಡೇ ಕೇಳಿದರು.

"ಹೋಗೋದು ಸರಿ. ನಾನೂ ಸಮುದ್ರ ಕಂಡವಳಲ್ಲ. ಆದ್ರೆ ಪರದೆ ಯಾಕೆ?"

"ಹೋಲಿಸೋಕೆ!"

"ಅಲ್ಲಿಂದ ಒಂದು ಫೋಟೋ ತೆಗೆದು ತಂದು ಇಲ್ಲಿ ಹೋಲಿಸಿದ್ರಾಗಲ್ವಾ?"

"ಫೋಟೋನೆಲ್ಲ ನಂಬೋಕಾಗುತ್ತೇನೇ!" ಎಂದರು ಫೋಟೋಗ್ರಾಫರ್ ಸಾಹೇಬರು.

ಒಂದೇ ದಿನದಲ್ಲಿ ಹೋಗಿ ಸಮುದ್ರ ಕಂಡು ಬರಬೇಕಾದರೆ ಕಾಡಿನ ಬೆಟ್ಟವೊಂದನ್ನು ಹತ್ತಬೇಕು. ಭಾನುವಾರ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಅದು ಮಲಗಿದ ಬೆಕ್ಕಿನಷ್ಟು ಸಾಧುವಾಗಿತ್ತು. ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನೆ ಹೇಳಿದ್ದಾರೆಯೇ? ಹತ್ತಿರ ಹೋದರೆ ದಾರಿಯೇ ಇಲ್ಲ, ಬರೀ ಬೇರುಗಳು! ಒಂದೊಂದು ಬೇರೂ ಮಾಮನ ಮೊಣಕಾಲಿನ ಜೊತೆ ಹಳೆಯ ಹಗೆ ಸಾಧಿಸುತ್ತಿತ್ತು. ಉದ್ದನೆಯ ಬಿದಿರಿಗೆ ಸುತ್ತಿದ ಪರದೆ ಮೊದಲ ತಿರುವಿನಲ್ಲೇ ಎರಡು ಮರಗಳ ನಡುವೆ ಸಿಕ್ಕಿಕೊಂಡು, ಮಾಮ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ತ್ರಿಶಂಕುವಾದರು. ಕೊನೆಗೆ ಹಿಂದಿನ ತುದಿಗೆ ಹೆಂಡತಿ ಹೆಗಲು ಕೊಡಬೇಕಾಯಿತು. ಹುಲಿ ಬೇಟೆಯಾಡಿ ಹೊತ್ತು ತರುವವರ ಹಾಗೆ ಇಬ್ಬರೂ ಸಾಗಿದರು.

ಇಳಿಯುತ್ತಿದ್ದವನೊಬ್ಬ ಕೇಳಿದ: "ಏನ್ರೀ ಅದು?"

"ಸಮುದ್ರ!" ಎಂದರು ಮಾಮ ಏದುಸಿರಲ್ಲಿ.

"ಮೇಲೇ ಒಂದಿದೆಯಲ್ಲ ಸಾರ್. ಸಾಲಲ್ವಾ?"

ಹೆಂಡತಿ ನಕ್ಕ ರಭಸಕ್ಕೆ ಬಿದಿರು ಕುಣಿಯಿತು.

ಆದರೆ ಅರ್ಧ ಹತ್ತುವಷ್ಟರಲ್ಲಿ ಇಬ್ಬರೂ ಕಿವಿಗೊಟ್ಟು ನಡೆಯತೊಡಗಿದರು. ಬಿಸಿಲು ಎಲೆಗಳ ನಡುವಿನಿಂದ ಸೋಸಿ, ಪುಡಿಪುಡಿಯಾಗಿ ನೆಲಕ್ಕೆ ಬೀಳುತ್ತಿತ್ತು. ಎಲ್ಲೋ ದೂರದಲ್ಲಿ ಯಾರೋ ನಿದ್ದೆಯಲ್ಲಿ ಉಸಿರೆಳೆದು ಬಿಟ್ಟಂತೆ ಒಂದು ಸದ್ದು. ಗಾಳಿಗೆ ಉಪ್ಪಿನ ರುಚಿ. "ಕೇಳಿಸ್ತಾ?" ಎಂದರು ಆಕೆ ಪಿಸುದನಿಯಲ್ಲಿ. ಮಾಮನಿಗೆ ಕಾಲುಗಳು ಎಲ್ಲಿವೆ ಎನ್ನುವುದೇ ಮರೆತುಹೋಗಿತ್ತು. ಇಪ್ಪತ್ತೆರಡು ವರ್ಷ ಗಿರಾಕಿಗಳ ಬೆನ್ನ ಹಿಂದೆ ನಿಂತಿದ್ದು ಇವತ್ತು ಎದುರಿಗೆ ಸಿಗುತ್ತದೆ! ಅವರ ಕಣ್ಣು ಒದ್ದೆಯಾಯಿತು. ಬೆವರು ಎಂದು ಒರೆಸಿಕೊಂಡರು.

ನೆತ್ತಿ ಬಂತು. ಎರಡು ದೊಡ್ಡ ಬಂಡೆಗಳ ನಡುವೆ ಒಂದೇ ಒಂದು ಕಿಂಡಿ, ಅದರಾಚೆ ಕಬ್ಬಿಣದ ಕಟಾಂಜನ. ಸಮುದ್ರ ಕಾಣುವುದು ಅಲ್ಲಿಂದ ಮಾತ್ರ. ಮಾಮ ಓಡಿಹೋಗಿ ಇಣುಕಿದರು.

ಮಂಜು! ಹಾಲು ಚೆಲ್ಲಿದಂತೆ ಬರೀ ಮಂಜು!

ಮೊದಲೇ ಬಂದಿದ್ದ ಹತ್ತು ಹನ್ನೆರಡು ಜನ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು. ಮೊಮ್ಮಕ್ಕಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಮಂಡಿ ನೀವಿಕೊಳ್ಳುತ್ತಾ, "ಇಷ್ಟು ಹತ್ತಿ ಬಂದು ಸಮುದ್ರದ ಮುಂದೆ ಒಂದು ಫೋಟೋನೂ ಇಲ್ವಲ್ಲಪ್ಪಾ" ಎಂದರು.

ಮಾಮನ ಎದೆ ಸೆಟೆಯಿತು. "ಯಾರ್ರೀ ಹೇಳಿದ್ದು ಸಮುದ್ರ ಇಲ್ಲ ಅಂತ?"

ಕ್ಷಣದಲ್ಲಿ ಪರದೆ ಬಿಚ್ಚಿಕೊಂಡಿತು! ಬಿದಿರಿನ ಒಂದು ತುದಿ ಬಂಡೆಯ ಬಿರುಕಿಗೆ ಸಿಕ್ಕಿಸಿದ್ದಾಯಿತು. ಇನ್ನೊಂದಕ್ಕೆ ಆಸರೆ ಇಲ್ಲ. ಹೆಂಡತಿಯೇ ಕಿಂಡಿಯ ಆಚೆ ಹೋಗಿ, ಪರದೆಯ ಹಿಂದೆ ಕಲ್ಲಿನ ಮೇಲೆ ನಿಂತು, ಕೈ ಎತ್ತಿ ಹಿಡಿದರು. ಕಿಂಡಿ ಪೂರ್ತಿ ಮುಚ್ಚಿತು. ಜನ ಸಾಲುಗಟ್ಟಿದರು. ಮಾಮ ಕ್ಯಾಮೆರಾ ಕೊರಳಿಗೇರಿಸಿ ಸೇನಾಪತಿಯಾದರು.

"ಅಜ್ಜಿ, ನಗಬೇಕು! ಹಿಂದಿನ ಅಣ್ಣ, ಬಗ್ಗಬೇಡಿ, ಅಲೆಯೊಳಗೆ ಮುಳುಗ್ತೀರಿ!"

ಆಗ ಒಂದು ವಿಸ್ಮಯ ನಡೆಯಿತು. ಪರದೆ ಮೆಲ್ಲಗೆ ಬೆಳಗತೊಡಗಿತು. ಹಸಿರು ಕರಗಿ ನೀಲಿಯಾಯಿತು, ನೀಲಿಯ ಒಳಗಿನಿಂದ ಹೊನ್ನು ಹೊಮ್ಮಿತು. ಅಲೆಗಳು ನಿಜವಾಗಿಯೂ ಉಸಿರಾಡುತ್ತಿವೆಯೋ ಎನ್ನುವ ಹಾಗೆ. ಸಾಲಿನಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. "ಆಹಾ, ಏನು ಕೈಚಳಕ!" ಎಂದರು ಯಾರೋ.

"ರೀ..." ಪರದೆಯ ಹಿಂದಿನಿಂದ ದನಿ ಬಂತು. "ಒಂದ್ನಿಮಿಷ ಇಲ್ಲಿ ಬನ್ನಿ."

"ಅಲ್ಲಾಡ್ಬೇಡ ಕಣೇ! ಸಮುದ್ರ ಕುಲುಕ್ತಿದೆ!"

"ರೀ, ಬೇಗ..."

"ಕೈ ನೋವಾದ್ರೆ ಸ್ವಲ್ಪ ತಡ್ಕೋ! ಇಂಥ ಬೆಳಕು ಮತ್ತೆ ಸಿಗಲ್ಲ!"

ಹಿಂದಿನಿಂದ ಮತ್ತೆ ಮಾತಿಲ್ಲ. ಮಾಮ ಒಬ್ಬರನ್ನೂ ಬಿಡದೆ ಫೋಟೋ ತೆಗೆದರು. ತಮ್ಮ ಸಮುದ್ರ ಇಷ್ಟು ಚೆಲುವಾಗಿದೆಯೆಂದು ಅವರಿಗೇ ಗೊತ್ತಿರಲಿಲ್ಲ. "ಬರಲಿ ಆ ಹಡಗಿನವರು!" ಎಂದುಕೊಂಡರು. ಕೊನೆಯ ಮೊಮ್ಮಗಳ ಸರದಿ ಮುಗಿಯುವ ಹೊತ್ತಿಗೆ ಪರದೆಯ ಹೊಳಪು ಇಳಿದು, ಹಸಿರು ಮತ್ತೆ ಹಸಿರಾಯಿತು.

ಹೆಂಡತಿ ಪರದೆ ಇಳಿಸಿ ಹೊರಗೆ ಬಂದರು. ಕಣ್ಣು ತೇವ, ಮುಖದ ತುಂಬ ನಗು. ಇಪ್ಪತ್ತೆರಡು ವರ್ಷದಲ್ಲಿ ಮಾಮ ಯಾರಿಂದಲೂ ಅಂಥ ನಗು ತೆಗೆಸಿರಲಿಲ್ಲ.

"ಏನೇ ಅದು?"

"ಸಮುದ್ರ."

ಮಾಮ ಕಿಂಡಿಗೆ ಧಾವಿಸಿದರು. ಹಿಂದೆಯೇ ಅಜ್ಜಿ, ಮೊಮ್ಮಕ್ಕಳು, ಸಾಲಿಗೆ ಸಾಲೇ ಧಾವಿಸಿತು. ಮಂಜು! ಮೊದಲಿಗಿಂತ ದಟ್ಟವಾದ ಮಂಜು!

"ಕೂಗಬಾರದಿತ್ತೇನೇ?"

"ಮಂಜು ಸರಿದಾಗ ಎರಡು ಸಲ ಕೂಗಿದೆ. ಅಲ್ಲಾಡ್ಬೇಡ ಅಂದ್ರಿ. ಅಲ್ಲಾಡ್ದೆ ನೋಡಿದೆ."

ಒಂದು ಗಂಟೆ ಕಾದರು. ಮಂಜು ಕದಲಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ಇಳಿಯುವ ದಾರಿಯಲ್ಲಿ ಬಿದಿರಿನ ಮುಂದಿನ ತುದಿಯಿಂದ ಸಣ್ಣ ದನಿಯೊಂದು ಮತ್ತೆ ಮತ್ತೆ ಕೇಳುತ್ತಿತ್ತು: "ಎಷ್ಟು ದೊಡ್ಡದಿತ್ತು?" ಹಿಂದಿನ ತುದಿ ನೆನಪಿಸಿಕೊಂಡು, ನಿಧಾನವಾಗಿ, ಕನಸಿನಲ್ಲಿದ್ದಂತೆ ಹೇಳುತ್ತಿತ್ತು: "ಕೊನೆಯೇ ಇರ್ಲಿಲ್ಲ ಕಣ್ರೀ. ಆಕಾಶ ಎಲ್ಲಿ ಶುರುವಾಗುತ್ತೆ ಅಂತಾನೇ ಗೊತ್ತಾಗ್ಲಿಲ್ಲ."

"ನನ್ನ ಸಮುದ್ರದ ಹಾಗೇ ಇತ್ತಾ?" ಮಾಮ ನಡೆಯುತ್ತಲೇ ಹಿಂತಿರುಗಿ ಕೇಳಿದರು.

"ನಂಗೇನು ಗೊತ್ತು? ಹೋಲಿಸೋಕೆ ನಿಮ್ಮ ಸಮುದ್ರದ ಬೆನ್ನು ತಾನೇ ನನ್ನ ಪಾಲಿಗೆ ಇದ್ದದ್ದು!"

ಮೂರು ತಿರುವು ದಾಟಿದ್ದಾಯಿತು. ಆಮೇಲೆ, ಜೀವಮಾನದಲ್ಲೇ ಮೊದಲ ಬಾರಿಗೆ ಗಿರಾಕಿಯ ದನಿಯಲ್ಲಿ ಕೇಳಿದರು: "ಮುಂದಿನ ಭಾನುವಾರ ಮತ್ತೆ ಬರೋಣವೇನೇ?"

"ಅದಕ್ಕೇನು, ಬರೋಣ," ಎಂದರು ಆಕೆ. "ಆದ್ರೆ ಕ್ಯಾಮೆರಾ ನನ್ನ ಕೈಗೆ ಕೊಡಿ. ಪರದೆ ನೀವು ಹಿಡ್ಕೊಳ್ಳಿ."