ಅತ್ತೆಯ ಲೋಕಸಭೆ, ಮಾವನ ಮಾತ್ರೆ

ನಮ್ಮ ಸೋದರತ್ತೆಯನ್ನು ಲೋಕಸಭೆಗೆ ಯಾರೂ ಆರಿಸಿ ಕಳಿಸಿರಲಿಲ್ಲ. ಆದರೂ ಆಕೆಯಷ್ಟು ಕಟ್ಟುನಿಟ್ಟಾಗಿ ಕಲಾಪಕ್ಕೆ ಹಾಜರಾದ ಮನುಷ್ಯರು ಈ ದೇಶದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಕರ್ಪೂರ ಹಚ್ಚಿ ಪ್ರಮಾಣ ಮಾಡಬಲ್ಲೆ. ಆರಿಸಿ ಹೋದವರಾದರೂ ನಡುವೆ ಎದ್ದು ಕಾಫಿಗೆ ಹೋಗುತ್ತಾರೆ, ಕೂತಲ್ಲೇ ತೂಕಡಿಸುತ್ತಾರೆ, ಧಿಕ್ಕಾರ ಕೂಗಿ ಹೊರಗೆ ನಡೆಯುತ್ತಾರೆ. ಅತ್ತೆಗೆ ಆ ಸೌಲಭ್ಯಗಳಿರಲಿಲ್ಲ. ಮುಳಬಾಗಿಲಿನ ತಮ್ಮ ಮನೆಯಲ್ಲಿ ಬೆಳಿಗ್ಗೆ ಸಭೆ ಶುರುವಾಗುವ ಹೊತ್ತಿಗೆ ತಲೆ ಬಾಚಿ, ಕುಂಕುಮವಿಟ್ಟು, ಟೀವಿಯ ಮುಂದೆ ಚಾಪೆ ಹಾಸಿಕೊಂಡು ಕೂತರೆ ಮುಗಿಯಿತು. ಸಭಾಧ್ಯಕ್ಷರು ಊಟಕ್ಕೆ ಬಿಟ್ಟಾಗಲೇ ಮನೆಯವರಿಗೂ ಊಟ. ಗದ್ದಲವಾಗಿ ಸಭೆ ಬೇಗ ಮುಂದಕ್ಕೆ ಹೋದ ದಿನ ಹಪ್ಪಳವೂ ಕರಿಯುತ್ತಿದ್ದರು!

ನಾನು ಕೋಲಾರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಮೇಷ್ಟರು. ಸಂಸತ್ತಿನ ಬಗ್ಗೆ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು. ಆದರೆ ಸತ್ಯ ಹೇಳಿಬಿಡುತ್ತೇನೆ, ಒಂದು ಇಡೀ ದಿನದ ಕಲಾಪವನ್ನು ಕೂತು ನೋಡಿದವನಲ್ಲ. ಯಾರು ನೋಡುತ್ತಾರೆ ಸ್ವಾಮಿ? ಅತ್ತೆ ನೋಡುತ್ತಿದ್ದರು. ಆಕೆಗೆ ಬರುತ್ತಿದ್ದುದು ಕನ್ನಡ, ತೆಲುಗು ಎರಡೇ. ಹಿಂದಿ ಬಾರದು, ಇಂಗ್ಲಿಷ್ ಬಾರದು. ಆಂಧ್ರದ ಕಡೆಯ ಸದಸ್ಯರು ಯಾರಾದರೂ ತೆಲುಗಿನಲ್ಲಿ ಎದ್ದರೆ ಅತ್ತೆಯ ಮುಖ ಅರಳುತ್ತಿತ್ತು. "ಬಾಗ ಅಡಿಗಾಡು!" ಎಂದು ಚಾಪೆಗೊಂದು ಏಟು ಕೊಟ್ಟು ಚೆನ್ನಾಗಿ ಕೇಳಿದನೆಂದು ಬೆನ್ನು ತಟ್ಟುತ್ತಿದ್ದರು. ಮಿಕ್ಕವರ ಮಾತು ಹೇಗೆ ತಿಳಿಯುತ್ತದೆ ಎಂದು ನಾನೊಮ್ಮೆ ಕೇಳಿದೆ.

"ಮಾತು ಯಾಕೋ ಬೇಕು? ಮುಖ ಇಲ್ವಾ? ಕಾಗದ ನೋಡ್ಕೊಂಡು ಓದ್ತಾನಲ್ಲ, ಅವನು ಕೊಡಲ್ಲ. ಕಾಗದ ಕೆಳಗಿಟ್ಟು ಮಾತಾಡ್ತಾನಲ್ಲ, ಅವನು ಕೊಡಬೋದು."

"ಏನು ಕೊಡೋದು ಅತ್ತೆ?"

"ನಿಮ್ಮ ಮಾವನ ಮಾತ್ರೆ ಕಣೋ! ಇನ್ನೇನು, ಅವನ ತಲೇನಾ?"

ಇದಕ್ಕೆಲ್ಲ ಮೂಲ ಕೋಲಾರದ ಒಬ್ಬ ಡಾಕ್ಟರು. ನಮ್ಮ ಮಾವ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆದು ಬರೆದು ನಿವೃತ್ತರಾದವರು. ಮಾತು ಕಡಿಮೆ. ಅವರ ಪಾಲಿನದನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದರಾದ್ದರಿಂದ ಸಂಸಾರಕ್ಕೇನೂ ಕೊರತೆಯಾಗಿರಲಿಲ್ಲ. ಅವರಿಗೆ ಬಿಡದೆ ಕೆಮ್ಮು ಹತ್ತಿತು. ಮೆಟ್ಟಿಲು ಹತ್ತಿದರೆ ಏದುಸಿರು. ನಾನೇ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತ ಹೋಗುವ ಕಾಯಿಲೆಯಂತೆ. ವಾಸಿಯಾಗುವುದಿಲ್ಲವಂತೆ. ದಿನವೂ ತಪ್ಪದೆ ಒಂದು ಮಾತ್ರೆ ತೆಗೆದುಕೊಂಡರೆ ಅದರ ಓಟ ನಿಧಾನವಾಗುತ್ತದಂತೆ. ಆ ಮಾತ್ರೆಯ ಬೆಲೆ ಕೇಳಿಯೇ ಮಾವನಿಗೆ ಇನ್ನೊಂದು ಸುತ್ತು ಕೆಮ್ಮು ಬಂತು.

"ನಮ್ಮ ಹತ್ರ ಸರ್ಕಾರದ ಕಾರ್ಡು ಇದೆಯಲ್ಲ ಡಾಕ್ಟ್ರೇ?" ಎಂದರು ಅತ್ತೆ.

"ಅದು ಆಸ್ಪತ್ರೆಗೆ ಸೇರಿದ್ರೆ ಮಾತ್ರ ಅಮ್ಮಾ. ಮನೇಲಿದ್ದು ನುಂಗೋ ಮಾತ್ರೆಗೆ ಬರಲ್ಲ."

"ಅಂದ್ರೆ, ಮನುಷ್ಯ ಮಲಗಿದ್ರೆ ಕೊಡ್ತೀರಾ, ಎದ್ದು ಓಡಾಡ್ತಿದ್ರೆ ಕೊಡಲ್ವಾ?"

ಡಾಕ್ಟರು ಒಳ್ಳೆಯವರೇ. ಹೊರಗೆ ಇನ್ನೂ ಐವತ್ತು ಜನ ಕಾಯುತ್ತಿದ್ದರು, ಪಾಪ. "ನನ್ನ ಕೈಲೇನಿದೆಯಮ್ಮಾ? ಇದೆಲ್ಲ ಪಾರ್ಲಿಮೆಂಟಿನಲ್ಲಿ ಮಾತಾಡಿ ತೀರ್ಮಾನ ಮಾಡಬೇಕು" ಎಂದರು.

ನಾನು, ನೀವು, ಯಾರೇ ಆದರೂ ಆ ಮಾತನ್ನು ಕೇಳಿ ನಿಟ್ಟುಸಿರು ಬಿಟ್ಟು ಎದ್ದುಬರುತ್ತಿದ್ದೆವು. ಅತ್ತೆ ಮಾತ್ರ ಹುಡುಕುತ್ತಿದ್ದ ವಿಳಾಸ ಸಿಕ್ಕಿದವರ ಹಾಗೆ ತಲೆಯಾಡಿಸಿದರು. ಅಲ್ಲಿ ತೀರ್ಮಾನ ಮಾಡುತ್ತಾರೆ ತಾನೆ? ಹಾಗಾದರೆ ಅಲ್ಲೇ ಕಣ್ಣಿಟ್ಟಿರಬೇಕು! ಮಾರನೆಯ ದಿನವೇ ಧಾರಾವಾಹಿಗಳಿಗೆಲ್ಲ ಎಳ್ಳುನೀರು ಬಿಟ್ಟರು. ಅವುಗಳಲ್ಲಿನ ಸೊಸೆಯರು ಪಡುವ ಪಾಡನ್ನು ಅರ್ಧಕ್ಕೇ ಬಿಟ್ಟು ಆರೋಗ್ಯ ಸಚಿವರ ಉತ್ತರಕ್ಕೆ ಕಾಯತೊಡಗಿದರು. ಮಾವ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಅಷ್ಟೇ ಕೈಗೆಟುಕುತ್ತಿದ್ದುದು. "ತೀರ್ಮಾನ ಆಗೋತನಕ ಹಿಂಗೆ ತಳ್ಳೋಣ, ಆಮೇಲೆ ದಿನಾ ನುಂಗ್ತಾರೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಆ ನಂಬಿಕೆಯನ್ನು ಕಂಡು ನಾವೆಲ್ಲ ಆಗ ಮರೆಯಲ್ಲಿ ನಗುತ್ತಿದ್ದೆವು.

ನಗದೆ ಇರುವುದು ಹೇಗೆ ಹೇಳಿ? ಒಮ್ಮೆ ಯಾವುದೋ ಮಂತ್ರಿಗಳು ಔಷಧಿಗಳ ಬೆಲೆ ಇಳಿಸಿದ್ದೇವೆ ಎಂದು ಸಭೆಯಲ್ಲಿ ಹೇಳಿದರು. ಸದಸ್ಯರು ಮೇಜು ಕುಟ್ಟಿದರು. ಯಾವ ಔಷಧಿ, ಎಷ್ಟು ಎಂದು ಕೇಳುವ ವ್ಯವಧಾನ ಅತ್ತೆಗೆಲ್ಲಿ? ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಅಂಗಡಿಯ ಬಾಗಿಲು ತೆರೆಯುವ ಮೊದಲೇ ನಿಂತಿದ್ದರಂತೆ.

"ಕಡಿಮೆ ಮಾಡ್ಕೊಡಪ್ಪಾ, ನೆನ್ನೆ ಇಳಿಸಿದ್ರಲ್ಲ!"

"ಅದು ದಿಲ್ಲೀಲಿ ಇಳಿದಿರೋದಮ್ಮಾ. ಇಲ್ಲಿಗೆ ಬರೋಕೆ ಟೈಮ್ ಬೇಕಲ್ವಾ?"

"ಹೌದೇನಪ್ಪಾ? ಏರಿಸಿದಾಗ ವಿಮಾನದಲ್ಲಿ ಬರುತ್ತೆ, ಇಳಿಸಿದಾಗ ಎತ್ತಿನಗಾಡೀಲಿ ಬರುತ್ತಾ?"

ಅಂಗಡಿಯವನು ಬಾಯಿ ಮುಚ್ಚಿಕೊಂಡು ಮಾತ್ರೆ ಕೊಟ್ಟ. ಹಳೆಯ ಬೆಲೆಗೇ ಕೊಟ್ಟ ಅನ್ನುವುದು ಬೇರೆ ವಿಷಯ!

ಕೊನೆಗೆ ಅತ್ತೆ ಕಾದ ದಿನ ಬಂತು. ಬಜೆಟ್ ಅಧಿವೇಶನದಲ್ಲಿ ಆರೋಗ್ಯ ಇಲಾಖೆ ಕೇಳಿದ ಹಣದ ಮೇಲೆ ಚರ್ಚೆಯಿದೆ ಎಂದು ನಾನೇ ಫೋನು ಮಾಡಿ ತಿಳಿಸಿದ್ದೆ. ನನಗೆ ಅವತ್ತು ಪರೀಕ್ಷೆಯ ಕೆಲಸ, ಹೋಗಲಾಗಲಿಲ್ಲ. ಅತ್ತೆ ತಲೆಗೆ ನೀರೆರೆದುಕೊಂಡು, ದೇವರಿಗೆ ತುಪ್ಪದ ದೀಪ ಹಚ್ಚಿ, ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ತಾವು ಕೂತರಂತೆ. ಎದುರು ಮನೆಯಾಕೆಯನ್ನೂ ಕರೆದರಂತೆ. ಆಕೆ ತಾಯಲೂರು ಕಡೆಯಿಂದ ಟೊಮೆಟೊ ತಂದು ಮಾರುವವಳು, ಅವಳ ತಾಯಿಗೂ ಇಂಥದೇ ಯಾವುದೋ ದುಬಾರಿ ಮಾತ್ರೆ. ಮಧ್ಯಾಹ್ನ ವಿರೋಧ ಪಕ್ಷದ ಒಬ್ಬ ಸದಸ್ಯರು ಎದ್ದರು. ದಪ್ಪ ಕನ್ನಡಕ, ಹೆಗಲ ಮೇಲೆ ಬಿಳಿ ಶಾಲು. ಹಿಂದಿಯಲ್ಲಿ ಶುರುಮಾಡಿ ನಡುನಡುವೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅತ್ತೆಗೆ ಮೂರೇ ಮಾತು ತಿಳಿದದ್ದು: ಹೆಲ್ತು, ಕಟ್ಟು, ರುಪೀಸು.

ಅಷ್ಟು ಸಾಲದೇ? ಆರೋಗ್ಯಕ್ಕೆ ಕೊಡುವ ದುಡ್ಡು ಕಡಿಮೆ ಮಾಡಿ ಅನ್ನುತ್ತಿದ್ದಾನೆ! ಅತ್ತೆ ಎದ್ದುನಿಂತರು. "ವೀಡಿ ನೋಟ್ಲೋ ಮನ್ನು ಪಡ! ಇವನ ಬಾಯಿಗೆ ಮಣ್ಣು ಬೀಳಾ! ಕೊಡೋದೇ ಇಲ್ಲ, ಅದರಲ್ಲೂ ಕಟ್ ಮಾಡ್ತಾನಂತೆ!" ಎಂದು ನೆಟಿಗೆ ಮುರಿದು ಶಪಿಸಿ, ಟೀವಿಯ ಸ್ವಿಚ್ಚನ್ನೇ ಆರಿಸಿಬಿಟ್ಟರು. ಟೊಮೆಟೊದಾಕೆಯೂ ತನಗೆ ಬರುವ ನಾಲ್ಕು ಬೈಗುಳ ಸೇರಿಸಿ ಎದ್ದುಹೋದಳು. ಅತ್ತೆ ಕಲಾಪವನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು.

ಸಂಜೆ ನಾನು ಹೋದಾಗ ಮನೆ ಬಿಕೋ ಎನ್ನುತ್ತಿತ್ತು. ಅತ್ತೆ ಸಿಟ್ಟಿನಿಂದ ಕೆಂಪಗಾಗಿ ಎಲ್ಲವನ್ನೂ ಹೇಳಿದರು. ಎಲ್ಲಿ ತಪ್ಪಾಗಿದೆಯೆಂದು ನನಗೆ ಹೊಳೆಯಿತು. ಸಂಸತ್ತಿನಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಇಲಾಖೆ ಕೇಳಿದ ಹಣದಲ್ಲಿ ಬರೀ ನೂರು ರೂಪಾಯಿ ಕಡಿಮೆ ಮಾಡಿ ಎಂದು ಸದಸ್ಯನೊಬ್ಬ ಸೂಚನೆ ಕೊಡುತ್ತಾನೆ. ಅದು ನೂರು ರೂಪಾಯಿ ಉಳಿಸಲಿಕ್ಕಲ್ಲ, ನಮ್ಮದೊಂದು ದೂರಿದೆ, ಕಿವಿಗೊಟ್ಟು ಕೇಳಿ ಎನ್ನುವುದಕ್ಕೆ. ಕೋಟಿಗಟ್ಟಲೆ ಹಣದ ನಡುವೆ ನೂರು ರೂಪಾಯಿ ಹಿಡಿದೆಳೆದರೆ ಮಂತ್ರಿ ತಿರುಗಿ ನೋಡಲೇಬೇಕಲ್ಲ! ನಾನು ಮೊಬೈಲು ತೆಗೆದು ಆ ಭಾಷಣ ಹುಡುಕಿ ಹಾಕಿದೆ. ಒಂದೊಂದೇ ವಾಕ್ಯವನ್ನು ಕನ್ನಡ ಮಾಡಿ ಹೇಳಿದೆ. ಆಸ್ಪತ್ರೆಯಲ್ಲಿ ಮಲಗಿದವರಿಗಷ್ಟೇ ಸರ್ಕಾರದ ನೆರವು ಏಕೆ? ಮನೆಯಲ್ಲಿದ್ದು ಜೀವನವಿಡೀ ಮಾತ್ರೆ ನುಂಗಬೇಕಾದವರು ಏನು ಮಾಡಬೇಕು? ಸರ್ಕಾರ ಗೊತ್ತುಮಾಡಿದ ಬೆಲೆಯ ಮಿತಿಗೆ ಸಿಗದ ಔಷಧಿಗಳನ್ನು ಯಾವಾಗ ಮಿತಿಯೊಳಗೆ ತರುತ್ತೀರಿ? ಅವತ್ತು ಇಡೀ ಸಭೆಯಲ್ಲಿ ಈ ಮಾತು ಆಡಿದವರು ಆ ಕನ್ನಡಕದ ಮನುಷ್ಯ ಒಬ್ಬರೇ.

ಅತ್ತೆಯ ಮುಖ ಸಣ್ಣಗಾಯಿತು. ಮೊಬೈಲನ್ನು ಎದುರಿಗಿಟ್ಟುಕೊಂಡು ಕೆನ್ನೆ ಕೆನ್ನೆ ಬಡಿದುಕೊಂಡರು. "ತಪ್ಪಾಯ್ತಪ್ಪಾ, ತಪ್ಪಾಯ್ತು. ನಮ್ಮ ಪರವಾಗಿ ನಿಂತವನಿಗೇ ಬೈದ್ನಲ್ಲೋ! ಮಂತ್ರಿ ಏನಂದ್ರು?"

"ಪರಿಶೀಲಿಸ್ತೀವಿ ಅಂದ್ರು."

"ಯಾವಾಗ?"

ಹದಿನೆಂಟು ವರ್ಷ ರಾಜ್ಯಶಾಸ್ತ್ರ ಪಾಠ ಹೇಳಿದ ನಾನು, ಅದನ್ನವರು ಹೇಳಲಿಲ್ಲ ಎಂದೆ. ಆ ಸೂಚನೆ ಏನಾಯಿತು ಎಂದೂ ಕೇಳಿದರು. ಧ್ವನಿಮತಕ್ಕೆ ಹಾಕಿ ಹೌದು, ಇಲ್ಲ ಎಂದು ಕೂಗಿಸಿದರು, ಬಿದ್ದುಹೋಯಿತು ಎಂದೆ. "ಗಟ್ಟಿಯಾಗಿ ಕೂಗಿದೋರು ಗೆಲ್ತಾರಾ? ಹಂಗಿದ್ರೆ ನನ್ನ ಕರೆದಿದ್ರೆ ಆಗ್ತಿತ್ತು" ಎಂದರು. ಅದು ನಿಜವೇ.

ಮಾರನೆಯ ದಿನ ಶಾಪ ವಾಪಸು ತೆಗೆದುಕೊಳ್ಳುವ ಕಾರ್ಯಕ್ರಮ. ಆಂಜನೇಯನ ಗುಡಿಗೆ ನನ್ನನ್ನೂ ಎಳೆದುಕೊಂಡು ಹೋಗಿ ಆ ಸದಸ್ಯರ ಹೆಸರಿನಲ್ಲಿ ಅರ್ಚನೆ ಮಾಡಿಸಲು ನಿಂತರು.

"ಹೆಸರು?" ಎಂದರು ಅರ್ಚಕರು.

"ಬಾಯಿ ತಿರುಗಲ್ಲ ಸ್ವಾಮಿ. ಕನ್ನಡಕ ಹಾಕ್ಕೋತಾರೆ."

"ಗೋತ್ರ?"

"ಲೋಕಸಭೆ."

"ನಕ್ಷತ್ರ?"

ಅತ್ತೆ ಒಂದು ಗಳಿಗೆ ಯೋಚಿಸಿ, "ವಿರೋಧ ಪಕ್ಷ" ಎಂದರು. ಅರ್ಚಕರು ನನ್ನ ಮುಖ ನೋಡಿದರು. ನಾನು ಆಂಜನೇಯನ ಮುಖ ನೋಡಿದೆ. ಅಂತೂ ಅರ್ಚನೆಯಾಯಿತು.

ಮುಂದಿನ ವರ್ಷದ ಹೊತ್ತಿಗೆ ಮಾವ ನಡುಮನೆಯಿಂದ ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಮಾತ್ರೆ ಇನ್ನೂ ದಿನ ಬಿಟ್ಟು ದಿನವೇ. ಅತ್ತೆ ಈ ಸಲ ಶಪಥ ಮಾಡಿದ್ದರು, ಯಾರು ಏನೇ ಕಟ್ ಅನ್ನಲಿ, ಟೀವಿ ಆರಿಸುವುದಿಲ್ಲ. ಕನ್ನಡಕದವರು ಎದ್ದಾಗ ಹಾಕಲೆಂದು ಒಂದಿಷ್ಟು ಅಕ್ಷತೆಯನ್ನೂ ಇಟ್ಟುಕೊಂಡಿದ್ದರು! ನಾನೂ ರಜೆ ಹಾಕಿ ಹೋಗಿದ್ದೆ. ಆದರೆ ಆ ಅಧಿವೇಶನದ ತುಂಬ ಗದ್ದಲ. ದಿನಗಳು ಹಾಗೆಯೇ ಕಳೆದುಹೋಗಿದ್ದವು. ಕಡೆಯ ದಿನ ಸಂಜೆ, ಚರ್ಚೆಗೆ ಸಮಯವಿಲ್ಲವೆಂದು ಉಳಿದ ಇಲಾಖೆಗಳ ಹಣವನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿದರು. ಅದರೊಳಗೆ ಆರೋಗ್ಯವೂ ಹೋಯಿತು. ಕನ್ನಡಕದವರು ಏಳಲಿಲ್ಲ. ಯಾರೂ ಏಳಲಿಲ್ಲ.

"ಯಾರೂ ಏನೂ ಮಾತಾಡ್ಲಿಲ್ವಲ್ಲೋ!" ಎಂದು ಅತ್ತೆ ನನ್ನ ತೋಳು ಹಿಡಿದು ಅಲುಗಿಸಿದರು. "ಮುಗೀತಾ? ಇಷ್ಟೇನಾ?"

ಇಷ್ಟೇ ಎಂದು ನಾನು ಹೇಳಬೇಕಾಯಿತು. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಬೇಸರ ಮತ್ತೆಂದೂ ಆಗಿಲ್ಲ.

ಮಾವಿನ ಕಾಯಿ ಬಲಿಯುವ ಹೊತ್ತಿಗೆ ಮಾವನನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಈಗ ಮಲಗಿದ್ದರಲ್ಲ, ಸರ್ಕಾರದ ಕಾರ್ಡು ನಡೆಯಿತು. ಹಾಸಿಗೆ ಕೊಟ್ಟರು, ಆಮ್ಲಜನಕ ಕೊಟ್ಟರು, ಇಂಜೆಕ್ಷನ್ನು ಕೊಟ್ಟರು. ಅತ್ತೆ ಆ ಮಾತ್ರೆಯನ್ನು ಕೇಳಿದರು. ಇನ್ನು ಅದರಿಂದ ಪ್ರಯೋಜನವಿಲ್ಲ ಎಂದರು ಡಾಕ್ಟರು. ಅತ್ತೆ ಜಗಳವಾಡಲಿಲ್ಲ. ಆಕೆ ಜಗಳವಾಡದ್ದನ್ನು ಕಂಡೇ ನನಗೆ ಹೆದರಿಕೆಯಾಯಿತು. ವಾರ ಕಳೆಯುವುದರೊಳಗೆ ಮಾವ ಹೋದರು.

ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಯಲ್ದೂರು, ಗೌನಿಪಲ್ಲಿ ಎಂದು ಅವರವರ ಬಸ್ಸು ಹಿಡಿದ ಮೇಲೆ ನಾನು ಅತ್ತೆಯ ಜೊತೆ ಉಳಿದೆ. ಏನಾದರೂ ಮಾತಾಡಲಿ ಎಂದು ಟೀವಿ ಹಾಕಲಾ ಅತ್ತೆ ಎಂದು ಕೇಳಿದೆ. ಆಕೆ ಬೇಡವೆಂದು ತಲೆಯಾಡಿಸಿದರು. ಆಮೇಲೆ ಸುಮ್ಮನೆ ಅಳತೊಡಗಿದರು.

"ಆ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ರು ಕಣೋ. ಎಷ್ಟು ದಿನ ಇದ್ರೋ ಅಷ್ಟು ದಿನಾನೂ. ನಾನು ದಿಲ್ಲಿಯೋರ ಮುಖ ನೋಡ್ಕೊಂಡು ಕೂತಿದ್ದೆ. ಅವನು ಕೊಡ್ತಾನಾ, ಇವನು ಕೊಡ್ತಾನಾ ಅಂತ. ನಿಮ್ಮ ಮಾವನ ಮುಖ ನೋಡ್ಲಿಲ್ಲ."

ಆಸ್ಪತ್ರೆಯಲ್ಲಿ ಅತ್ತೆ ಕಾಫಿ ತರಲು ಹೋಗಿದ್ದಾಗ ಮಾವ ಮೂಗಿನ ಕೊಳವೆ ಸರಿಸಿ ನನಗೆ ಹೇಳಿದ್ದನ್ನೇ ಹೇಳಿದೆ. "ಆ ಸಭೇಲಿ ಏನು ನಡೀತೋ ನನಗೆ ಗೊತ್ತಿಲ್ಲ ಕಣಯ್ಯಾ. ನಾನು ಒಂದು ದಿನಾನೂ ಟೀವಿ ನೋಡ್ಲಿಲ್ಲ. ನನಗೋಸ್ಕರ ಇವಳು ಜಗಳ ಆಡೋದನ್ನ ನೋಡ್ತಾ ಕೂತಿದ್ದೆ. ಹೊತ್ತು ಹೋಗಿದ್ದೇ ತಿಳೀಲಿಲ್ಲ" ಅಂದಿದ್ದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. ಆಮೇಲೆ, ಎಷ್ಟೋ ದಿನಗಳ ನಂತರ, ಅವರ ಹಳೆಯ ಸಿಟ್ಟು ಬಂತು.

"ಅದನ್ನ ನನಗೆ ಹೇಳೋಕೆ ಏನಾಗಿತ್ತೋ ಆ ಮನುಷ್ಯನಿಗೆ! ಒಂದ್ಸಲ ಹೇಳಿದ್ರೆ ನಾನೂ ಈ ಕಡೆ ತಿರುಗಿ ಕೂತ್ಕೋತಿದ್ನಲ್ಲೋ."